ಗಲ್ಲಾದ ಕಂಪ್ಯೂಟರಿಗೆ ‘ಶುದ್ಧಿ’ಯ ಕಾಟ

ವಿಜಯವಾಡದಲ್ಲಿ ನಾವು ಹೋಟೆಲು ನಡೆಸುತ್ತಿದ್ದಾಗಿನ ಮಾತು. ಗಲ್ಲಾದ ಕಂಪ್ಯೂಟರು ನಿಧಾನವಾಯಿತೆಂದು ಗುಮಾಸ್ತನೊಬ್ಬನು ರಿಜಿಸ್ಟ್ರಿ ಶುದ್ಧಿಮಾಡುವ ಸಾಫ್ಟ್‌ವೇರೊಂದನ್ನು ಅದಕ್ಕೆ ಹಾಕಿದನು. ಅದು ನೂರಾರು ದೋಷಗಳುಂಟೆಂದು ಕೆಂಪಕ್ಷರಗಳಲ್ಲಿ ಹೆದರಿಸಿ ಹಣ ಕೇಳಿತು. ತೆತ್ತೆವು. ಮರುದಿನ ಬೆಳಗಿನ ಇಡ್ಲಿಯ ಹೊತ್ತಿಗೆ ಬಿಲ್ಲಿನ ಮುದ್ರಣವೇ ನಿಂತಿತ್ತು! ನಷ್ಟವನ್ನು ಆ ಹುಡುಗನ ಸಂಬಳದಲ್ಲಿ ಮುರಿದುಕೊಂಡೆವು. ಅದು ಅನ್ಯಾಯವೆಂದು ಈಗ ಒಪ್ಪುತ್ತೇವೆ. ಏಕೆಂದರೆ ಹಣ ಕೊಡಲು ಅಪ್ಪಣೆಯಿತ್ತವರು ನಾವೇ.

ರಿಜಿಸ್ಟ್ರಿಯೆಂಬುದು ಕಸದ ತೊಟ್ಟಿಯಲ್ಲ. ವಿಂಡೋಸ್ ತನ್ನ ಹಾಗೂ ಇತರ ಸಾಫ್ಟ್‌ವೇರುಗಳ ಏರ್ಪಾಡುಗಳನ್ನು ಬರೆದಿಡುವ ಖಾತೆಪುಸ್ತಕವದು. ಹಳೆಯ ನಮೂದುಗಳು ಕೆಲವು ಉಳಿದ ಮಾತ್ರಕ್ಕೆ ಯಂತ್ರವು ಸಾಮಾನ್ಯವಾಗಿ ನಿಧಾನವಾಗದು. ಬೇಕಾದುದೊಂದು ಅಳಿದರೆ ಮಾತ್ರ ಕೆಲಸ ಕೆಡುವುದು. ಇಂತಹ ಶುದ್ಧಿಕಾರ್ಯಕ್ಕೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಕಂಪೆನಿಯೇ ಹೇಳಿದೆ. 2017ರಲ್ಲಿ ಹೆಸರುವಾಸಿಯಾದ ಸಿಕ್ಲೀನರಿನ ಒಂದು ಆವೃತ್ತಿಯೊಳಗೇ ಕಳ್ಳರು ಕೆಡುಕಿನ ಸಾಫ್ಟ್‌ವೇರನ್ನು ಸೇರಿಸಿದ್ದರು. ಅದು 20 ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹೊಕ್ಕಿತು.

ಬೇಡದ ಸಾಫ್ಟ್‌ವೇರನ್ನು ತೆಗೆಯಲು ಸೆಟ್ಟಿಂಗ್ಸಿನ ‘ಆಪ್ಸ್’ ವಿಭಾಗದಲ್ಲಿ ಅದರ ಹೆಸರನ್ನು ಹುಡುಕಿ ‘ಅನ್‌ಇನ್‌ಸ್ಟಾಲ್’ ಒತ್ತಿರಿ. ಬಳಿಕ ವಿಂಡೋಸಿನಲ್ಲೇ ಇರುವ ಡಿಫೆಂಡರಿನಿಂದ ಪೂರ್ತಿ ತಪಾಸಣೆ ಮಾಡಿಸಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ರಿಜಿಸ್ಟ್ರಿಗೆ ಕೈ ಹಚ್ಚಬೇಡಿರಿ. ಮಾಲಿಕ ಮಿತ್ರರು ಹುಡುಗರ ಸಂಬಳಕ್ಕೂ ಕೈ ಹಚ್ಚದಿರಲಿ.

ಆ ಗುಮಾಸ್ತನು ಈಗ ವಿಶಾಖಪಟ್ಟಣದಲ್ಲಿರುವನೆಂದು ಕೇಳಿದ್ದೇವೆ. ಈ ಬರಹ ಕಣ್ಣಿಗೆ ಬಿದ್ದರೆ ನಮ್ಮ ಕಚೇರಿಗೆ ಬಂದು ತನ್ನ ಹಣವನ್ನು ಪಡೆದುಕೊಳ್ಳಲಿ.