ಅಂಗಿಯ ಮೇಲೆ ಅಕ್ಷರ ಹಾಕಿಸುವ ಮುನ್ನ: ಆದೋನಿ ಸೀಮೆಯ ಸಿನಿಮಾಪ್ರಿಯರಿಗೊಂದು ಮನವಿ

ಆದೋನಿ, ಆಲೂರು, ಕೌತಾಳಂ, ಹೊಳಗುಂದಿ, ಎಮ್ಮಿಗನೂರು, ಮಂತ್ರಾಲಯದ ಗೆಳೆಯರೇ,

ನಮ್ಮಲ್ಲಿ ಎಷ್ಟೋ ಮಂದಿ ಈಗ ಸಿನಿಮಾ ನೋಡುವುದಕ್ಕಿಂತ ಹೆಚ್ಚು ಹೊತ್ತು ಪಾಡ್‌ಕಾಸ್ಟುಗಳಲ್ಲಿ ಸಿನಿಮಾದ ಮಾತು ಕೇಳುತ್ತೇವೆ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ತೂಕಕ್ಕೆ ಕಾಯುವಾಗ, ಸ್ಟೇಷನ್ನಿನಲ್ಲಿ ರಾಯಚೂರಿನ ಕಡೆಯ ರೈಲಿಗೆ ನಿಂತಾಗ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಅದರೊಳಗೆ ಯಾರೋ ಇಬ್ಬರು ಒಂದೇ ಚಿತ್ರವನ್ನು ಒಂದೂವರೆ ಗಂಟೆ ಬಿಡಿಸಿ ಬಿಡಿಸಿ ಮಾತಾಡುತ್ತಿರುತ್ತಾರೆ. ಹಳೆಯ ಕಲಾವಿದರ ಮನೆಗೇ ಹೋಗಿ ಕಂತುಗಟ್ಟಲೆ ಮಾತಾಡಿಸುವ ಕೆ. ಎಸ್. ಪರಮೇಶ್ವರ ಅವರ ‘ಕಲಾಮಾಧ್ಯಮ’ವನ್ನು ಬೆಳಗಿನ ಚಹಾದ ಜೊತೆ ಕೇಳುವವರು ನಮ್ಮ ಓಣಿಯಲ್ಲೇ ಇದ್ದಾರೆ. ಹೀಗೆ ಕೇಳುತ್ತಾ ಕೇಳುತ್ತಾ ಒಂದು ದಿನ ಆ ಮಾತನ್ನು ಅಂಗಿಯ ಮೇಲೆ ಹಾಕಿಸಬೇಕು, ಬೈಕಿಗೆ ಅಂಟಿಸಬೇಕು ಅನ್ನಿಸುತ್ತದೆ. ಅನ್ನಿಸಲಿ, ಅದು ಒಳ್ಳೆಯ ಹುಚ್ಚು. ನನ್ನ ಮನವಿ ಆ ಹುಚ್ಚು ಬಿಡಿ ಅಂತಲ್ಲ. ಹಾಕಿಸುವುದಾದರೆ ನಮ್ಮ ಅಕ್ಷರದಲ್ಲಿ, ನಮ್ಮ ಮಾತಿನಲ್ಲಿ, ಆದಷ್ಟು ನಮ್ಮ ಸೀಮೆಯ ಬಟ್ಟೆಯ ಮೇಲೆ ಹಾಕಿಸಿ, ಅಷ್ಟೇ.

ಈ ಅಭಿಮಾನದ ಸಾಮಾನು ನಮಗೆ ಹೊಸದಲ್ಲ. ಟಾಕೀಸಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ ಅದೇ ತಾನೆ? 1980ರಲ್ಲಿ ‘ಆಟೋರಾಜ’ ಬಂತು, 1990ರಲ್ಲಿ ಅದರ ನಾಯಕ ಶಂಕರ್‌ನಾಗ್ ಹೋದರು. ಆಟೋಗಳ ಹಿಂಬದಿಯ ಚಿತ್ರಗಳಲ್ಲಿ ಮಾತ್ರ ಅವರು ಇವತ್ತಿಗೂ ಇದ್ದಾರೆ. ಆ ಚಿತ್ರಗಳನ್ನು ಯಾವ ಕಂಪನಿಯೂ ಕಳಿಸಲಿಲ್ಲ. ಆಟೋದವರು ತಾವೇ ಪೇಂಟರನ್ನು ಕರೆದು ಬರೆಸಿದರು. ನಮ್ಮ ಮಂತ್ರಾಲಯದ ರಾಯರ ಕಥೆಯಲ್ಲಿ ರಾಜ್‌ಕುಮಾರ್ ರಾಯರಾಗಿ ನಿಂತದ್ದು 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ. ಕನ್ನಡ ಸಿನಿಮಾದ ನಕ್ಷೆಯಲ್ಲಿ ಈ ಸೀಮೆ ಹೊರಗಿನದಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಆದರೆ ರಾಜ್ಯದ ನಕ್ಷೆಯಲ್ಲಿ ನಾವು ಗೆರೆಯ ಆಚೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಅಂದಿನಿಂದ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಕಚೇರಿಯ ಅರ್ಜಿ ಎಲ್ಲ ತೆಲುಗು. ಅದರ ಬಗ್ಗೆ ತಕರಾರಿಲ್ಲ. ತೆಲುಗು ನಮಗೆ ನೆರೆಮನೆಯ ಮಾತಲ್ಲ, ಅರ್ಧ ಮನೆಯ ಮಾತೇ. ಅವರು ಉಗ್ಗಾಣಿ ಅನ್ನುತ್ತಾರೆ, ನಾವು ಒಗ್ಗರಣಿ ಅನ್ನುತ್ತೇವೆ, ತಿನ್ನುವ ಮಂಡಾಳು ಒಂದೇ. ಆದರೂ ಮನೆ, ಮಠ, ಕನ್ನಡ ಶಾಲೆ ಬಿಟ್ಟು ಬೀದಿಗಿಳಿದರೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಅಪರೂಪ. ಇಂಥ ಊರಿನಲ್ಲಿ ಹುಡುಗನೊಬ್ಬ ಎದೆಯ ಮೇಲೆ ಹೊತ್ತು ತಿರುಗುವ ನಾಲ್ಕು ಅಕ್ಷರವೇ ಒಂದು ಬೋರ್ಡು. ಅದಕ್ಕೇ ಅದು ಸರಿಯಾಗಿರಬೇಕು.

ನಾವು ಹೇಗೆ ಕೆಡಿಸಿದೆವು ಕೇಳಿ. ನಟ ಪುನೀತ್ ಬಗ್ಗೆ ಒಂದು ಕಂತು ಕೇಳಿ ಕಣ್ಣೀರಾದ ನಮ್ಮ ಬಳಗ ಮೂವತ್ತು ಟೀ ಶರ್ಟು ಹಾಕಿಸಿತು. ಎದೆಯ ಮೇಲೆ ಅವರ ಮುದ್ದಿನ ಹೆಸರು, ಒಂದೇ ಪದ: ಅಪ್ಪು. ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದೆವು, ಅಂಗಡಿಯವನು ಹಾಕಿದ. ಬಂದದ್ದು ‘ಅಪ್‌ಪು’. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತ್ತು. ನಮಗೆ ಯಾರಿಗೂ ಕಾಣಲಿಲ್ಲ. ಮೂರನೇ ತರಗತಿಯ ಹುಡುಗಿಯೊಬ್ಬಳು ಬೆರಳಿಟ್ಟು ‘ಅಪ್... ಪು’ ಎಂದು ಒಡೆದು ಓದಿದಾಗ ಕಂಡಿತು. ತಪ್ಪು ಅಂಗಡಿಯವನದಲ್ಲ. ಅವನಿಗೆ ಕನ್ನಡ ಬಾರದು, ಅವನ ಸಾಫ್ಟ್‌ವೇರಿಗೆ ಒತ್ತಕ್ಷರ ಗೊತ್ತಿಲ್ಲ. ಮಾದರಿ ನೋಡದೆ ಹೂಂ ಅಂದವರು ನಾವು.

ಆದ್ದರಿಂದ ವಿನ್ಯಾಸ ನೀವೇ ಮಾಡಿ. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ಬಾಲೂ ತಮ್ಮ, ಅಕಾಯ ಕನಡಕ, ನೋಟೊದಂಥ ಮುಕ್ತ ಪರವಾನಗಿಯ ಫಾಂಟುಗಳನ್ನು ಮಾರಾಟದ ಬಟ್ಟೆಗೂ ಬಳಸಬಹುದು. ಬರೆದು ಮುಗಿದ ಮೇಲೆ ಅಕ್ಷರವನ್ನು ಚಿತ್ರರೇಖೆಯಾಗಿ ಬದಲಾಯಿಸಿಯೇ ಅಂಗಡಿಗೆ ಕೊಡಿ. ಆಗ ಅವರ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ತಲೆಕಟ್ಟು ತೆಲುಗಿನದಾಗದಂತೆ ನೋಡಿಕೊಳ್ಳಿ: ನಮ್ಮ ‘ಕ’ದ ತಲೆಯ ಮೇಲೆ ಅಡ್ಡಗೆರೆ ಹರಿದು ಬಲಕ್ಕೆ ಬಾಗುತ್ತದೆ, ತೆಲುಗಿನದರಲ್ಲಿ ಮೇಷ್ಟರು ಹಾಕುವ ರೈಟು ಗುರುತು. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ ಬೇಕು. ಒಂದೇ ಬಣ್ಣವಾದರೆ ಅಗ್ಗ. ಸಣ್ಣ ಅಕ್ಷರ ಬೇಡ. ಶಾಯಿ ಹರಡಿ ‘ಣ’, ‘ಞ’ಗಳ ಒಳಗಿನ ಸಂದು ಮುಚ್ಚಿಹೋಗುತ್ತದೆ. ಒಂದು ತುಂಡಿನ ಮೇಲೆ ಮಾದರಿ ತೆಗೆಸಿ, ಕನ್ನಡ ಓದುವ ಮಗುವಿನ ಕೈಗೆ ಕೊಡಿ. ಅದಕ್ಕಿಂತ ದೊಡ್ಡ ಪ್ರೂಫ್ ರೀಡರ್ ಇಲ್ಲ.

ಇನ್ನು ಏನು ಬರೆಸುವುದು? ನಟನ ಫೋಟೋ ಕತ್ತರಿಸಿ ಅಂಟಿಸುವುದು ಸುಲಭ, ಆದರೆ ಫೋಟೋ ತೆಗೆದವರದು, ಮುಖ ಆ ನಟನದು. 2023ರಲ್ಲಿ ದಿಲ್ಲಿ ಹೈಕೋರ್ಟು ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯ ಜೊತೆಗೆ ‘ಝಕಾಸ್’ ಎಂಬ ಒಂದು ಪದವನ್ನೂ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ತಡೆಯಿತು. ಪಾಡ್‌ಕಾಸ್ಟಿನ ಹೆಸರು, ಲಾಂಛನವೂ ಅದನ್ನು ನಡೆಸುವವರ ಸ್ವತ್ತೇ. ಮಾರುವುದಾದರೆ ಅವರಿಗೆ ಎರಡು ಸಾಲು ಬರೆದು ಕೇಳಿ. ಆದೋನಿಯಿಂದ ಪತ್ರ ಬಂತೆಂದರೆ ಅವರಿಗೂ ಖುಷಿಯೇ.

ಅದಕ್ಕಿಂತ ಒಳ್ಳೆಯ ದಾರಿ ಕೇಳುವವರ ಕಡೆಯಿಂದ ಬರೆಯುವುದು. ಪಾಡ್‌ಕಾಸ್ಟಿನವರ ಮಾತಿನಲ್ಲಿ ಬೆಂಗಳೂರಿನ ಥಿಯೇಟರುಗಳು ಬರುತ್ತವೆ, ನಮ್ಮ ಊರು ಬರುವುದಿಲ್ಲ. ಅಂಗಿಯ ಮೇಲಾದರೂ ನಮ್ಮ ಊರು ಬರಲಿ. ಧ್ವನಿಯ ಅಲೆಗೆರೆ ಗೊತ್ತಲ್ಲ, ಏರಿಳಿಯುವ ಗೀಟು? ಅದನ್ನು ಆದೋನಿಯ ಕೋಟೆಗುಡ್ಡದ ಅಂಚಿನಂತೆ ಎಳೆಯಿರಿ. ಕೆಳಗೆ ನಮ್ಮದೇ ಮಾತು: ‘ಇನ್ನೊಂದು ಕಂತು ಹಚ್ಚಪಾ’. ಬೆಂಗಳೂರಿನವರು ‘ಹಚ್ಚು’ ಅಂದರೇನು ಎಂದು ಕೇಳಲಿ. ಕೇಳಿದರೆ ಮಾತು ಶುರುವಾಯಿತು.

ಬಟ್ಟೆಯ ಮಾತೂ ಇದೆ. ಟೀ ಶರ್ಟು ಹೆಣಿಗೆಯ ಬಟ್ಟೆ, ಮಗ್ಗದಲ್ಲಿ ಬರುವಂಥದ್ದಲ್ಲ. ತಿರುಪ್ಪೂರಿನಂಥ ಊರುಗಳಿಂದ ತರಿಸಲೇಬೇಕು. ಆದರೆ ಅಭಿಮಾನಕ್ಕೆ ಟೀ ಶರ್ಟೇ ಆಗಬೇಕೆಂದು ಯಾರು ಹೇಳಿದರು? ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಆ ಊರಿನ ಕೈಮಗ್ಗಕ್ಕೆ ಹೆಸರು ಬಂತು, ಅವರಿಗೆ 1954ರಲ್ಲಿ ಪದ್ಮಶ್ರೀಯೂ ಬಂತು. ಕೈಮಗ್ಗದ ಟವೆಲು ಹೆಗಲಿಗೆ, ಜೋಳಿಗೆ ಶಾಲೆಯ ಪುಸ್ತಕಕ್ಕೆ. ಎರಡರ ಮೇಲೂ ಅಕ್ಷರ ಚೆನ್ನಾಗಿ ಕೂರುತ್ತದೆ. ನಮ್ಮ ಹತ್ತಿ ಇಲ್ಲಿ ಜಿನ್ನಿಂಗ್ ಆಗಿ, ಬೇಲಾಗಿ ಊರು ಬಿಡುತ್ತದೆ. ದಾರಕ್ಕೂ ನಮಗೂ ಉಳಿದಿರುವ ನಂಟು ಈ ಮಗ್ಗದ್ದು. ನಟರ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸು ಮರುವಾರ ಚರಂಡಿಯಲ್ಲಿರುತ್ತದೆ. ಅದೇ ದುಡ್ಡಿನಲ್ಲಿ ಟವೆಲು ತಂದರೆ ವರ್ಷಗಟ್ಟಲೆ ಬೆವರು ಒರೆಸುತ್ತದೆ.

ಮಾರಿ ಉಳಿದ ದುಡ್ಡು ಎಲ್ಲಿಗೆ ಹೋಗಬೇಕೆಂದು ಹೇಳಿ ಮುಗಿಸುತ್ತೇನೆ. ಈ ಸೀಮೆಯಲ್ಲಿ ಆಂಧ್ರ ಸರ್ಕಾರದ ಕನ್ನಡ ಮಾಧ್ಯಮದ ಶಾಲೆಗಳಿವೆ. ಪಠ್ಯಪುಸ್ತಕ ಸರ್ಕಾರ ಕೊಡುತ್ತದೆ, ಕಥೆಪುಸ್ತಕ ನಾವು ಕೊಡಬೇಕು. ಬರುವ ನವೆಂಬರ್ 1ಕ್ಕೆ ನಿಮ್ಮ ಬಳಗದಿಂದ ಒಂದೇ ವಿನ್ಯಾಸ, ಇಪ್ಪತ್ತೈದು ಜೋಳಿಗೆ ಮಾಡಿಸಿ. ಇಪ್ಪತ್ತು ಮಾರಿ, ಬಂದ ಲಾಭಕ್ಕೆ ಹತ್ತಿರದ ಕನ್ನಡ ಶಾಲೆಗೆ ಕಥೆಪುಸ್ತಕ ತನ್ನಿ. ಉಳಿದ ಐದು ಜೋಳಿಗೆಯಲ್ಲಿ ಆ ಪುಸ್ತಕ ತುಂಬಿ ಶಾಲೆಗೆ ಕೊಡಿ. ಕೊಡುವ ಮುನ್ನ ಒತ್ತಕ್ಷರ ಇನ್ನೊಮ್ಮೆ ನೋಡಿ.