ವಿಮಾನದ ಓದು: ಹಣ ಯಾವ ಮೆಟ್ಟಿಲಲ್ಲಿದೆ?

ಸಿಇಟಿ ಫಲಿತಾಂಶ ಪ್ರಕಟವಾದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಮಗನಿಗೋ ಮಗಳಿಗೋ ಚಿಕ್ಕಂದಿನಿಂದಲೂ ವಿಮಾನ, ರಾಕೆಟ್‌ಗಳ ಗೀಳು. ಓದಿದರೆ ಏರೋಸ್ಪೇಸ್ ಎಂಜಿನಿಯರಿಂಗನ್ನೇ ಓದಬೇಕೆಂಬ ಹಟ. ಆದರೆ ಸರ್ಕಾರಿ ಕೋಟಾದಲ್ಲಿ ಆ ವಿಭಾಗದ ಸೀಟು ಕೈತಪ್ಪಿದೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಉಂಟು. ಅದರ ಶುಲ್ಕ ಕೇಳಿದೊಡನೆ ತಂದೆಗೆ ಜಮೀನಿನ ಪಹಣಿ ನೆನಪಾಗುತ್ತದೆ, ತಾಯಿಗೆ ಬೀರುವಿನಲ್ಲಿರುವ ಒಡವೆ. ‘ಇದಕ್ಕೆ ಯಾವ ಸ್ಕಾಲರ್‌ಶಿಪ್ಪೂ ಇಲ್ಲವೇ?’ ಎಂಬ ಪ್ರಶ್ನೆ ಆಗ ಏಳುತ್ತದೆ.

ಖಂಡಿತ ಇದೆ. ಆದರೆ ಹೆಚ್ಚಿನವರು ಹುಡುಕುವ ಕಡೆ ಅದು ಕಡಿಮೆ, ಹುಡುಕದ ಕಡೆ ಧಾರಾಳ. ಏರೋಸ್ಪೇಸ್ ಓದಿಗೆ ಮೂರು ಮೆಟ್ಟಿಲುಗಳಿವೆ: ಬಿ.ಇ., ಎಂ.ಟೆಕ್., ಪಿಎಚ್.ಡಿ. ಮೊದಲ ಮೆಟ್ಟಿಲಿನಲ್ಲಿ ನೆರವು ಕೆಲವರಿಗೆ ಮಾತ್ರ. ಎರಡನೆಯದರಲ್ಲಿ ಗೇಟ್ ಪರೀಕ್ಷೆ ದಾಟಿ ಸೀಟು ಪಡೆದವರಿಗೆ ಶಿಷ್ಯವೇತನ ಸಿಗುತ್ತದೆ. ಮೂರನೆಯದರಲ್ಲಿ ಓದುವವರಿಗೆ ಸಂಬಳದಂತೆ ತಿಂಗಳು ತಿಂಗಳು ಹಣ ಬರುತ್ತದೆ. ಇದನ್ನು ತಿಳಿಯದೆ ಮೊದಲ ಮೆಟ್ಟಿಲಿಗೇ ಮನೆಯ ಆಸ್ತಿಯನ್ನೆಲ್ಲ ಅಡವಿಡುವವರು ಒಂದು ಕಡೆ, ಹಣವಿಲ್ಲವೆಂದು ಆಸೆಯನ್ನೇ ಬಿಡುವವರು ಇನ್ನೊಂದು ಕಡೆ. ಎರಡೂ ಅನಗತ್ಯ.

ಬಳೆ ಅಡವಿಟ್ಟ ಅಕ್ಕ

ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಬದುಕಿನ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ತಿರುಚಿರಾಪಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದ ಅವರಿಗೆ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೀಟು ಸಿಕ್ಕಿತು. ಪ್ರವೇಶಕ್ಕೆ ಬೇಕಾಗಿದ್ದುದು ಸುಮಾರು ಸಾವಿರ ರೂಪಾಯಿ. ಅಷ್ಟು ಹಣ ತಂದೆಯ ಬಳಿ ಇರಲಿಲ್ಲ. ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರಗಳನ್ನು ಅಡವಿಟ್ಟು ಹಣ ಹೊಂದಿಸಿದರು. ಸ್ವಂತ ಸಂಪಾದನೆಯಿಂದಲೇ ಆ ಬಳೆಗಳನ್ನು ಬಿಡಿಸಿ ಕೊಡಬೇಕೆಂದು ತಮ್ಮ ನಿಶ್ಚಯಿಸಿದ. ಹಣ ಗಳಿಸಲು ಆಗ ಅವರಿಗಿದ್ದ ದಾರಿ ಒಂದೇ: ಚೆನ್ನಾಗಿ ಓದಿ ವಿದ್ಯಾರ್ಥಿವೇತನ ಪಡೆಯುವುದು.

ಅದು ದೊರೆಯಿತು, ಒಮ್ಮೆ ತಪ್ಪಿಹೋಗುವ ಹಂತಕ್ಕೂ ಬಂತು. ವಿಮಾನ ವಿನ್ಯಾಸದ ಕೆಲಸ ನಿಧಾನವಾಗಿ ಸಾಗುತ್ತಿರುವುದನ್ನು ಕಂಡ ಪ್ರೊ. ಶ್ರೀನಿವಾಸನ್, ಮೂರು ದಿನಗಳಲ್ಲಿ ನಕ್ಷೆ ಸಿದ್ಧವಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುವುದೆಂದು ಎಚ್ಚರಿಸಿದರು. ಕಲಾಂ ರಾತ್ರಿಯಿಡೀ ನಕ್ಷೆಯ ಹಲಗೆಯ ಮುಂದೆ ಕುಳಿತು ಕೆಲಸ ಮುಗಿಸಿದರು. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿರುವ ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ವಿದ್ಯಾರ್ಥಿವೇತನ ಒಮ್ಮೆ ಸಿಕ್ಕರೆ ಸಾಲದು, ಅದನ್ನು ಉಳಿಸಿಕೊಳ್ಳಬೇಕು. ಎರಡನೆಯದು, ಕಲಾಂ ಮೊದಲು ಓದಿದ್ದು ಭೌತವಿಜ್ಞಾನ. ವಿಮಾನದ ಓದು ಬಂದದ್ದು ಆಮೇಲೆ.

ಬೇರೆ ಬಾಗಿಲಿನಿಂದ ಬಂದವರು

ಈ ಎರಡನೆಯ ಪಾಠ ಪಾಲಕರಿಗೆ ಮುಖ್ಯ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಓದಿದ್ದು ಭೌತವಿಜ್ಞಾನ. 1975ರಲ್ಲಿ ಹಾರಿದ ಮೊದಲ ಭಾರತೀಯ ಉಪಗ್ರಹ ಆರ್ಯಭಟದ ಹೊಣೆ ಹೊತ್ತವರು ಅವರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿ.ಟೆಕ್. ಓದಿದ್ದು ಕೇರಳದ ಕೊಲ್ಲಂನ ಕಾಲೇಜೊಂದರಲ್ಲಿ, ಮೆಕ್ಯಾನಿಕಲ್ ವಿಭಾಗದಲ್ಲಿ. ಅವರು ಏರೋಸ್ಪೇಸ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ಇಸ್ರೊ ಸೇರಿದ ಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಇದು ಆಕಸ್ಮಿಕವಲ್ಲ. ವಿಮಾನದ ರೆಕ್ಕೆ ಭಾರ ತಡೆಯುವ ಲೆಕ್ಕ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಹೊಸದಲ್ಲ. ಎಂಜಿನ್ನಿನಲ್ಲಿ ಶಾಖ ಹೇಗೆ ವರ್ತಿಸುತ್ತದೆ ಎಂಬುದು ಮೆಕ್ಯಾನಿಕಲ್‌ನವರ ಪಾಠ. ರಾಕೆಟ್ಟನ್ನು ಗುರಿಯತ್ತ ನಡೆಸುವ ನಿಯಂತ್ರಣ ವಿದ್ಯೆ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ಹತ್ತಿರ. ಇಸ್ರೊದ ಕೇಂದ್ರೀಕೃತ ನೇಮಕಾತಿಯಲ್ಲಿ ಹೆಚ್ಚಿನ ಎಂಜಿನಿಯರ್ ಹುದ್ದೆಗಳು ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಪದವೀಧರರಿಗೇ ಇರುತ್ತವೆ. ಆದ್ದರಿಂದ ಏರೋಸ್ಪೇಸ್ ಸೀಟು ದುಬಾರಿ ಎನಿಸಿದರೆ, ಸರ್ಕಾರಿ ಶುಲ್ಕದಲ್ಲಿ ಸಿಗುವ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಸೀಟು ಹಿಡಿಯುವುದು ಸೋಲಲ್ಲ. ಅದು ಅದೇ ಊರಿಗೆ ಹೋಗುವ ಇನ್ನೊಂದು ದಾರಿ.

ಮೊದಲ ಮೆಟ್ಟಿಲು: ಬಿ.ಇ.

ಹಾಗೆಂದು ಮೊದಲ ಮೆಟ್ಟಿಲಿನಲ್ಲಿ ನೆರವೇ ಇಲ್ಲವೆಂದಲ್ಲ. ಪ್ರತಿಯೊಂದಕ್ಕೂ ಒಂದು ಷರತ್ತು ಇದೆ, ಅಷ್ಟೆ.

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಅವಕಾಶ ಉಂಟು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ಡಿಆರ್‌ಡಿಒ) ತನ್ನ ಏರೋನಾಟಿಕ್ಸ್ ಸಂಶೋಧನಾ ಮಂಡಳಿಯ ಮೂಲಕ 2019ರಲ್ಲಿ ಏರೋಸ್ಪೇಸ್, ಏರೋನಾಟಿಕಲ್, ಏವಿಯಾನಿಕ್ಸ್ ಮೊದಲಾದ ವಿಭಾಗಗಳ ವಿದ್ಯಾರ್ಥಿನಿಯರಿಗಾಗಿಯೇ ಒಂದು ಯೋಜನೆ ಪ್ರಕಟಿಸಿತು. ಬಿ.ಇ., ಬಿ.ಟೆಕ್. ಓದುವ 20 ಮಂದಿಗೆ ವರ್ಷಕ್ಕೆ 1,20,000 ರೂ. ಅಥವಾ ವಾರ್ಷಿಕ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದು, ನಾಲ್ಕು ವರ್ಷ. ಎಂ.ಇ., ಎಂ.ಟೆಕ್. ಓದುವ 10 ಮಂದಿಗೆ ತಿಂಗಳಿಗೆ 15,500 ರೂ., ಎರಡು ವರ್ಷ. ಯೋಜನೆ ಪ್ರಕಟವಾದಾಗ ನಿಗದಿಯಾದ ಮೊತ್ತ ಇದು. ಗಮನಿಸಬೇಕಾದ ಅಂಶವೊಂದಿದೆ: ಬಿ.ಇ. ವಿದ್ಯಾರ್ಥಿನಿಯರ ಆಯ್ಕೆ ನಡೆಯುವುದು ಜೆಇಇ ಮೇನ್ ಅಂಕಗಳ ಮೇಲೆ. ಸಿಇಟಿಯೊಂದನ್ನೇ ಬರೆದು ಸೀಟು ಪಡೆದ ಹುಡುಗಿಗೆ ಈ ಬಾಗಿಲು ತೆರೆಯದು. ಆದ್ದರಿಂದ ವಿಮಾನದ ಓದಿನ ಆಸೆಯಿರುವ ಹೆಣ್ಣುಮಗಳು ಪಿಯುಸಿಯಲ್ಲಿರುವಾಗಲೇ ಜೆಇಇ ಮೇನ್ ಬರೆಯುವುದು ಜಾಣತನ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ‘ಪ್ರಗತಿ’ ವಿದ್ಯಾರ್ಥಿವೇತನ ಯಾವುದೇ ಎಂಜಿನಿಯರಿಂಗ್ ವಿಭಾಗದ ವಿದ್ಯಾರ್ಥಿನಿಯರಿಗೆ ಅನ್ವಯಿಸುತ್ತದೆ. ವರ್ಷಕ್ಕೆ 50,000 ರೂ.; ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಿರಬಾರದು, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ಪರಿಷತ್ತಿನ ‘ಸಕ್ಷಮ್’ ಯೋಜನೆ ಇದೆ.

ಕರ್ನಾಟಕದ ಸಿಇಟಿ ಅಭ್ಯರ್ಥಿಗಳು ಕಡೆಗಣಿಸುವ ಇನ್ನೊಂದು ಸೌಲಭ್ಯ ಸೂಪರ್‌ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುತ್ತದೆ. ಇದಕ್ಕೂ ಆದಾಯದ ಮಿತಿ 8 ಲಕ್ಷ ರೂ. ಇತರ ಶುಲ್ಕಗಳನ್ನು ಕಟ್ಟಬೇಕು. ಸೇರಿದ ಮೇಲೆ ಕಾಲೇಜಾಗಲಿ ವಿಭಾಗವಾಗಲಿ ಬದಲಿಸುವಂತಿಲ್ಲ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿವೆ. ಅರ್ಜಿ ಸಲ್ಲಿಸುವುದು ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದವರಿಗೆ ಮುಂಬೈ, ಮದ್ರಾಸ್, ಕಾನ್ಪುರ, ಖರಗ್‌ಪುರ ಐಐಟಿಗಳಲ್ಲಿ ಏರೋಸ್ಪೇಸ್ ವಿಭಾಗಗಳಿವೆ. ಐಐಟಿ ಎಂದರೆ ಶ್ರೀಮಂತರದೆಂದು ಹೆದರಬೇಕಿಲ್ಲ. 2016ರಲ್ಲಿ ಶುಲ್ಕ ಏರಿಸಿದಾಗಲೇ, ವಾರ್ಷಿಕ ಆದಾಯ 1 ಲಕ್ಷ ರೂ.ಗಿಂತ ಕಡಿಮೆಯಿರುವ ಕುಟುಂಬದವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷ ರೂ. ಇರುವವರಿಗೆ ಮೂರನೇ ಎರಡು ಭಾಗ ಮಾಫಿ ಎಂದು ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ಣ ಮಾಫಿ. 2007ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೂ (ಐಐಎಸ್‌ಟಿ) ಇದೇ ಪರೀಕ್ಷೆಯ ಮೂಲಕ ಪ್ರವೇಶ. ಅಲ್ಲಿ ಓದಿದರೆ ಎಲ್ಲ ಉಚಿತ, ಇಸ್ರೊ ಕೆಲಸ ಖಚಿತ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಅದು ಆರಂಭದ ವರ್ಷಗಳ ಮಾತು. ನಿಯಮಗಳು ನಂತರ ಬದಲಾಗಿವೆ. ಆಯಾ ವರ್ಷದ ಪ್ರವೇಶ ಕೈಪಿಡಿಯನ್ನು ನೋಡಿಯೇ ನಿರ್ಧರಿಸಬೇಕು.

ಎರಡನೆಯ, ಮೂರನೆಯ ಮೆಟ್ಟಿಲು

ಎಂ.ಟೆಕ್.ಗೆ ಬಂದಾಗ ಲೆಕ್ಕವೇ ಬೇರೆ. ಗೇಟ್ ಅಂಕಗಳ ಮೇಲೆ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂ. ಶಿಷ್ಯವೇತನ 24 ತಿಂಗಳ ಕಾಲ ದೊರೆಯುತ್ತದೆ. ಒಟ್ಟು 2,97,600 ರೂ. ಇದಕ್ಕೆ ಆದಾಯದ ಮಿತಿಯಿಲ್ಲ. ಬದಲಿಗೆ ಕಿರಿಯರ ಪ್ರಯೋಗಾಲಯ ನೋಡಿಕೊಳ್ಳುವುದು, ಉತ್ತರ ಪತ್ರಿಕೆ ತಿದ್ದುವುದು ಮೊದಲಾದ ಕೆಲಸಗಳಲ್ಲಿ ಅಧ್ಯಾಪಕರಿಗೆ ನೆರವಾಗಬೇಕು. ಗೇಟ್‌ನಲ್ಲಿ ಏರೋಸ್ಪೇಸ್‌ಗೆ ‘ಎಇ’ ಎಂಬ ಪ್ರತ್ಯೇಕ ಪ್ರಶ್ನೆಪತ್ರಿಕೆ ಇದೆ. ಆದರೆ ಮೆಕ್ಯಾನಿಕಲ್ ಮೊದಲಾದ ಬೇರೆ ಪತ್ರಿಕೆ ಬರೆದವರನ್ನೂ ಅನೇಕ ಏರೋಸ್ಪೇಸ್ ವಿಭಾಗಗಳು ಸೇರಿಸಿಕೊಳ್ಳುತ್ತವೆ. ಬಿ.ಇ. ಮೂರನೆಯ ವರ್ಷದಲ್ಲಿರುವವರೂ ಪರೀಕ್ಷೆ ಬರೆಯಬಹುದು. ಅಂಕಗಳಿಗೆ ಮೂರು ವರ್ಷ ಮಾನ್ಯತೆ.

ಪಿಎಚ್.ಡಿ.ಗೆ ಇನ್ನೂ ಹೆಚ್ಚು. 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯ ಪ್ರಕಾರ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂ., ಎರಡು ವರ್ಷಗಳ ನಂತರ ಹಿರಿಯ ಸಂಶೋಧಕರಾದಾಗ 42,000 ರೂ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್ ಮೊದಲ ಎರಡು ವರ್ಷಗಳಿಗೆ ತಿಂಗಳಿಗೆ 70,000 ರೂ. ನಿಗದಿಪಡಿಸಿತ್ತು.

ಮೇಲಿನ ಮೆಟ್ಟಿಲಿನಲ್ಲಿ ಹಣ ಹೆಚ್ಚಿರುವುದಕ್ಕೆ ಕಾರಣವಿದೆ. ಬಿ.ಇ. ವಿದ್ಯಾರ್ಥಿ ಕಲಿಯುವವನು, ಸಂಶೋಧಕ ದೇಶಕ್ಕೆ ಬೇಕಾದ ಕೆಲಸ ಮಾಡಿಕೊಡುವವನು. 1971ರಲ್ಲಿ ಸ್ಥಾಪನೆಯಾದ ಏರೋನಾಟಿಕ್ಸ್ ಸಂಶೋಧನಾ ಮಂಡಳಿ, ಇಸ್ರೊದ ‘ರೆಸ್ಪಾಂಡ್’ ಕಾರ್ಯಕ್ರಮ ಇವು ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಂಶೋಧನೆಯ ಕೆಲಸಗಳನ್ನು ಹಣದ ಸಮೇತ ಒಪ್ಪಿಸುತ್ತವೆ. ಅಂಥ ಕೆಲಸ ನಡೆಯುತ್ತಿರುವ ವಿಭಾಗಕ್ಕೆ ಸೇರಿದವರಿಗೆ ಸಂಶೋಧನಾ ಸಹಾಯಕರಾಗುವ ಅವಕಾಶವೂ ಒದಗುತ್ತದೆ. ಕಾಲೇಜು ಆರಿಸುವಾಗ ಕಟ್ಟಡ ನೋಡುವ ಬದಲು, ಅಲ್ಲಿನ ಅಧ್ಯಾಪಕರಿಗೆ ಇಂಥ ಯೋಜನೆಗಳಿವೆಯೇ ಎಂದು ವಿಚಾರಿಸುವುದು ಲೇಸು.

ಸಮುದ್ರದಾಚೆ

ವಿದೇಶದ ಓದಿಗೆ ಹೊರಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ನಾಸಾ ಹಾಗೂ ಅಲ್ಲಿನ ರಕ್ಷಣಾ ಇಲಾಖೆಯ ವಿದ್ಯಾರ್ಥಿವೇತನಗಳಲ್ಲಿ ಬಹುಪಾಲು ಆ ದೇಶದ ಪ್ರಜೆಗಳಿಗೆ ಮೀಸಲು. ರಾಕೆಟ್, ಕ್ಷಿಪಣಿ ತಂತ್ರಜ್ಞಾನ ಹೊರಗಿನವರ ಕೈಸೇರದಂತೆ ತಡೆಯುವ ಕಾನೂನಿನಿಂದಾಗಿ ಅನೇಕ ಕಂಪನಿಗಳಲ್ಲಿ ವಿದೇಶೀಯರಿಗೆ ಕೆಲಸವೂ ಸುಲಭವಲ್ಲ. ದೊಡ್ಡ ಸಾಲ ಮಾಡಿ ಎಂ.ಎಸ್.ಗೆ ಹೋಗುವ ಮುನ್ನ ಇದನ್ನು ತೂಗಿ ನೋಡಬೇಕು. ವಿಶ್ವವಿದ್ಯಾಲಯವೇ ಕೊಡುವ ಬೋಧನಾ, ಸಂಶೋಧನಾ ಸಹಾಯಕ ಹುದ್ದೆಗೆ ಈ ನಿರ್ಬಂಧ ಅಷ್ಟಾಗಿ ಇಲ್ಲ, ಅದು ಪಿಎಚ್.ಡಿ.ಗೆ ಹೋದವರಿಗೆ ಹೆಚ್ಚಾಗಿ ಸಿಗುತ್ತದೆ.

ಯಾವ ದೇಶದ ಮಹಿಳೆಗಾದರೂ ತೆರೆದಿರುವ ನೆರವು ಒಂದಿದೆ. ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ಮೊದಲ ಮಹಿಳಾ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಹೆಸರಿನಲ್ಲಿ ಜೋಂಟಾ ಇಂಟರ್‌ನ್ಯಾಷನಲ್ ಸಂಸ್ಥೆ 1938ರಿಂದ ನೀಡುತ್ತಿರುವ ಫೆಲೋಷಿಪ್ ಅದು. ಏರೋಸ್ಪೇಸ್ ಸಂಬಂಧಿತ ವಿಷಯದಲ್ಲಿ ಪಿಎಚ್.ಡಿ. ಮಾಡುವವರಿಗೆ 10,000 ಡಾಲರ್. 1892ರಲ್ಲಿ ಜಮ್‌ಶೆಟ್‌ಜಿ ಟಾಟಾ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ವಿದೇಶದ ಉನ್ನತ ಓದಿಗೆ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಕುಟುಂಬಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಜರ್ಮನಿಯಲ್ಲಿ ಶುಲ್ಕವೇ ಇಲ್ಲವೆಂಬ ಮಾತನ್ನೂ ಪರೀಕ್ಷಿಸಿ ನೋಡಬೇಕು: ವೈಮಾನಿಕ ಓದಿಗೆ ಹೆಸರಾದ ಸ್ಟುಟ್‌ಗಾರ್ಟ್ ಇರುವ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸುತ್ತಿದೆ.

ಕಾಗದಪತ್ರ ಸಿದ್ಧವಿರಲಿ

ಸಾಲ ಅನಿವಾರ್ಯವಾದರೆ ಖಾಸಗಿ ಬಡ್ಡಿಗೆ ಕೈಚಾಚುವ ಮುನ್ನ ಬ್ಯಾಂಕಿಗೆ ಹೋಗಬೇಕು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ದೊರೆಯುತ್ತದೆ. ಆದಾಯ 8 ಲಕ್ಷ ರೂ. ಒಳಗಿದ್ದರೆ, 10 ಲಕ್ಷ ರೂ.ವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿಯೂ ಉಂಟು. ಸೇರಲಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಅರ್ಹತೆ ಇದ್ದೂ ವಿದ್ಯಾರ್ಥಿವೇತನ ತಪ್ಪುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಇವನ್ನು ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲೇ ಸರಿಪಡಿಸಿಕೊಳ್ಳಬಹುದು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತಂದಿಟ್ಟು ಅದರ ಆರ್.ಡಿ. ಸಂಖ್ಯೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿವೇತನ ಕೊಡಿಸುತ್ತೇವೆಂದು ಮುಂಗಡ ಕೇಳುವವರನ್ನು ನಂಬಬಾರದು.

ಪಾಲಕರು ಮಕ್ಕಳೊಂದಿಗೆ ಕುಳಿತು ನಾಲ್ಕು ವರ್ಷದ ಲೆಕ್ಕವನ್ನಷ್ಟೇ ಅಲ್ಲ, ಆರು ವರ್ಷದ ಲೆಕ್ಕವನ್ನು ಬರೆಯಲಿ. ಮೊದಲ ನಾಲ್ಕು ವರ್ಷ ಮನೆಗೆ ಎಟುಕುವ ಶುಲ್ಕದಲ್ಲಿ ಮುಗಿದರೆ, ಮುಂದಿನ ಎರಡು ವರ್ಷದ ಖರ್ಚಿಗೆ ಗೇಟ್ ಶಿಷ್ಯವೇತನ ಹೆಗಲು ಕೊಡುತ್ತದೆ. ಆಗ ಮನೆಯ ಜಮೀನೂ ಉಳಿದೀತು, ಮಕ್ಕಳ ಆಸೆಯೂ ಉಳಿದೀತು.