ಓಲಗದ ಮನೆಯಿಂದ ಬಂದ ಸ್ಯಾಕ್ಸೋಫೋನು

ಬನಶಂಕರಿಯ ಕಲ್ಯಾಣಮಂಟಪವೊಂದರಲ್ಲಿ ನಡೆಯಲಿದ್ದ ಮದುವೆಗೆ ಇನ್ನು ಹದಿನೈದು ದಿನ ಉಳಿದಿತ್ತು. ಅಡಿಗೆಯವರು, ಹೂವಿನವರು, ಪುರೋಹಿತರು ಎಲ್ಲರೂ ಗೊತ್ತಾಗಿದ್ದರು. ಮಂಗಳವಾದ್ಯದ ಮಾತು ಬಂದಾಗ ಮಾತ್ರ ಜಯನಗರದ ಆ ಮನೆಯಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಬಾಗಿಲಲ್ಲಿ ಸ್ಯಾಕ್ಸೋಫೋನು ಇರಲಿ ಎಂದು ಮದುವಣಗಿತ್ತಿಯ ತಾಯಿ. ಓಲಗವಿಲ್ಲದೆ ಮದುವೆಯೆಂತಹುದು ಎಂದು ಮನೆಯ ಹಿರಿಯರು.

“ಅಪ್ಪ, ಈಗ ಎಲ್ಲರೂ ಇದನ್ನೇ ಇಡಿಸುತ್ತಾರೆ. ಓಲಗದವರು ಸಿಕ್ಕುವುದೇ ಕಷ್ಟ.”

“ಸಿಕ್ಕುವುದು ಕಷ್ಟವೋ, ಹುಡುಕುವುದು ಕಷ್ಟವೋ?”

ಮೊಮ್ಮಗಳು ನಡುವೆ ಬಾಯಿ ಹಾಕಿದಳು: “ತಾತ, ಕದ್ರಿಯವರ ಕಚೇರಿಗೆಂದು ಮಳೆಯಲ್ಲಿ ನೆನೆದುಕೊಂಡು ಚಾಮರಾಜಪೇಟೆಗೆ ಓಡಿದವರು ನೀವೇ ಅಲ್ಲವೆ? ಅದೂ ಸ್ಯಾಕ್ಸೋಫೋನೇ ತಾನೆ?”

ಹಿರಿಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. “ನಾನು ಓಡಿದ್ದು ಸ್ಯಾಕ್ಸೋಫೋನಿಗಲ್ಲಮ್ಮ, ಗೋಪಾಲನಾಥರಿಗೆ” ಎಂದರು.

ಮೇಲುನೋಟಕ್ಕೆ ಇದು ಜಾರಿಕೆಯ ಉತ್ತರ. ಆದರೆ ಕದ್ರಿ ಗೋಪಾಲನಾಥರನ್ನು ಇಂದಿಗೂ ನೆನೆಯುವ ದಕ್ಷಿಣ ಬೆಂಗಳೂರಿನ ಸಾವಿರಾರು ಕೇಳುಗರ ಮನಸ್ಸಿನಲ್ಲಿರುವುದು ಇದೇ ಮಾತು. ವಾದ್ಯ ಬೇರೆ, ಅದರಲ್ಲಿ ಉಸಿರಾಡಿದವರು ಬೇರೆ ಎಂಬ ಈ ಭೇದವನ್ನು ಅರಿಯಬೇಕಾದರೆ ಅವರು ನಡೆದು ಬಂದ ದಾರಿಯನ್ನು ಸ್ವಲ್ಪ ಹಿಂತಿರುಗಿ ನೋಡಬೇಕು.

ಗೋಪಾಲನಾಥರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ದೇವಸ್ಥಾನದ ಪ್ರಾಕಾರದಲ್ಲಿ, ಉತ್ಸವದ ಪಲ್ಲಕ್ಕಿಯ ಮುಂದೆ, ಮದುವೆಯ ಚಪ್ಪರದಲ್ಲಿ ನುಡಿಸುತ್ತಾ ಆ ಹುಡುಗ ತಂದೆಯ ದಾರಿಯಲ್ಲಿಯೇ ಮುಂದುವರಿಯಬಹುದಾಗಿತ್ತು. ಆದರೆ ಒಮ್ಮೆ ಮೈಸೂರಿನಲ್ಲಿ ಅರಮನೆಯ ವಾದ್ಯವೃಂದದವರು ಸ್ಯಾಕ್ಸೋಫೋನು ನುಡಿಸುವುದನ್ನು ಅವನು ಕೇಳಿದ. ಮೈಸೂರಿನ ಮಹಾರಾಜರು ಕರ್ನಾಟಕ ಸಂಗೀತಕ್ಕೊಂದು, ಪಾಶ್ಚಾತ್ಯ ಸಂಗೀತಕ್ಕೊಂದು ವಾದ್ಯವೃಂದವನ್ನಿಟ್ಟು ಪೋಷಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಆ ಹೊಂಬಣ್ಣದ ಕೊಳವೆಯ ದುಂಡು ದನಿ ಹುಡುಗನ ಕಿವಿಯಲ್ಲಿ ನಿಂತುಬಿಟ್ಟಿತು. ನುಡಿಸಿದರೆ ಇದನ್ನೇ ನುಡಿಸಬೇಕೆಂಬ ಹಟ ಹುಟ್ಟಿತು.

ಹಟ ಹುಟ್ಟುವುದು ಸುಲಭ, ಅದು ಈಡೇರುವುದು ಸುಲಭವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ನಿರ್ಮಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವಿದು. ಪಾಶ್ಚಾತ್ಯ ಸಂಗೀತದ ಸ್ವರಗಳು ಮೆಟ್ಟಿಲುಗಳ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ವಾದ್ಯದ ಕೀಲಿಗಳೂ ಅದಕ್ಕೆ ತಕ್ಕಂತೆಯೇ ಇವೆ. ಕೀಲಿಯನ್ನೊತ್ತಿದರೆ ರಂಧ್ರ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ನಮ್ಮ ಸಂಗೀತದ ಜೀವವಾದರೋ ಗಮಕದಲ್ಲಿದೆ. ಒಂದು ಸ್ವರ ಪಕ್ಕದ ಸ್ವರವನ್ನು ಸವರಿಕೊಂಡು, ತೂಗಿಕೊಂಡು, ಜಾರಿಕೊಂಡು ಬಂದರೆ ಮಾತ್ರ ತೋಡಿಯು ತೋಡಿಯಾಗುತ್ತದೆ. ನಾಗಸ್ವರದಲ್ಲಾಗಲಿ ಕೊಳಲಿನಲ್ಲಾಗಲಿ ಬೆರಳಿಗೂ ರಂಧ್ರಕ್ಕೂ ನಡುವೆ ಏನೂ ಇಲ್ಲ; ಅರ್ಧ ಮುಚ್ಚಿ ಅರ್ಧ ತೆರೆದು ಸ್ವರವನ್ನು ಒಲಿಸಿಕೊಳ್ಳಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ಗಾಳಿಗೂ ನಡುವೆ ಒಂದು ಯಂತ್ರವೇ ಕುಳಿತಿದೆ.

ಆ ಯಂತ್ರವನ್ನು ಒಲಿಸಲು ಗೋಪಾಲನಾಥರಿಗೆ ಸುಮಾರು 20 ವರ್ಷ ಹಿಡಿಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠವಾಯಿತು. ಮುಂದೆ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರು ಈ ತರುಣನ ಸತ್ತ್ವವನ್ನು ಗುರುತಿಸಿ ತಿದ್ದಿದರು. ಕೀಲಿಯನ್ನು ಎಷ್ಟು ಒತ್ತಬೇಕು, ತುಟಿಯನ್ನು ಎಷ್ಟು ಬಿಗಿಯಬೇಕು, ಉಸಿರನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು ಎಂಬುದೆಲ್ಲ ಅಭ್ಯಾಸದಿಂದಲೇ ಸಿದ್ಧವಾಗಬೇಕಾಗಿತ್ತು. ವಾದ್ಯಕ್ಕೂ ಅವರು ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡರು. ಪಿಟೀಲು ನಮ್ಮ ಸಂಗೀತಕ್ಕೆ ಬಂದು ಎರಡು ಶತಮಾನಗಳು ಕಳೆದಿವೆ; ಅದನ್ನು ಪರದೇಶದ್ದೆಂದು ಇಂದು ಯಾರೂ ಎಣಿಸುವುದಿಲ್ಲ. ಹಾಗೆ ಒಂದು ವಾದ್ಯ ಮನೆಯದಾಗಲು ತಲೆಮಾರುಗಳೇ ಬೇಕಾಗುತ್ತವೆ. ಸ್ಯಾಕ್ಸೋಫೋನಿನ ವಿಷಯದಲ್ಲಿ ಆ ಕೆಲಸದ ಬಹುಭಾಗವನ್ನು ಒಬ್ಬರೇ ತಮ್ಮ ಒಂದು ಆಯುಷ್ಯದಲ್ಲಿ ಮಾಡಿ ಮುಗಿಸಿದರು.

ಸ್ಯಾಕ್ಸೋಫೋನು ಎಂದೊಡನೆ ಜಗತ್ತಿಗೆ ನೆನಪಾಗುವುದು ಅಮೆರಿಕದ ಜಾಝ್ ಸಂಗೀತ. ಆ ಜಗತ್ತಿನ ಬಾಗಿಲು ಗೋಪಾಲನಾಥರಿಗೆ ತೆರೆದದ್ದು 1980ರಲ್ಲಿ, ಮುಂಬಯಿಯ ಜಾಝ್ ಉತ್ಸವದಲ್ಲಿ. ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿಯವರು ಅಲ್ಲಿಗೆ ಬಂದಿದ್ದರು. ಸರೋದ್ ವಾದಕ ಅಲಿ ಅಕ್ಬರ್ ಖಾನರೊಡನೆ ನುಡಿಸಿ ನಮ್ಮ ರಾಗಗಳ ಪರಿಚಯವಿದ್ದವರು ಅವರು. ಗೋಪಾಲನಾಥರ ವಾದನವನ್ನು ಕೇಳಿ, ತಾವೂ ಜೊತೆಯಲ್ಲಿ ನುಡಿಸಬಹುದೇ ಎಂದು ಅವರೇ ಕೇಳಿದರು. ಒಂದೇ ವಾದ್ಯವನ್ನು ಹಿಡಿದ ಇಬ್ಬರು, ಎರಡು ಬೇರೆ ಬೇರೆ ನಾಡಿನವರು, ಒಂದೇ ವೇದಿಕೆಯ ಮೇಲೆ ನಿಂತರು. ಜಾಝ್ ವಾದಕನು ಒಂದು ಮಟ್ಟನ್ನು ಹಿಡಿದು ಆ ಕ್ಷಣಕ್ಕೆ ತೋಚಿದಂತೆ ಅದನ್ನು ಬೆಳೆಸುತ್ತಾನೆ. ನಮ್ಮ ವಿದ್ವಾಂಸನು ರಾಗದ ಚೌಕಟ್ಟಿನಲ್ಲಿ ಮನೋಧರ್ಮವನ್ನು ಹರಿಯಬಿಡುತ್ತಾನೆ. ಒಬ್ಬನು ಕೇಳಿದ ಪ್ರಶ್ನೆಗೆ ಇನ್ನೊಬ್ಬನು ಕೊಳವೆಯಲ್ಲೇ ಉತ್ತರ ಕೊಡುವ ಆಟ ಎರಡು ಸಂಪ್ರದಾಯಗಳಲ್ಲಿಯೂ ಉಂಟು. ಅಂದಿನಿಂದ ಬರ್ಲಿನ್, ಪ್ರಾಗ್ ಮೊದಲಾದ ನಗರಗಳ ಜಾಝ್ ಉತ್ಸವಗಳಲ್ಲಿ ಕದ್ರಿಯ ಹೆಸರು ಕೇಳಿಬಂತು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮನೇಡ್ ಕಚೇರಿಯಲ್ಲಿಯೂ ಅವರು ನುಡಿಸಿದರು. ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ ‘ಡುಯೆಟ್’ ಎಂಬ ತಮಿಳು ಚಿತ್ರಕ್ಕಾಗಿ ಅವರು ನುಡಿಸಿದ ಕಲ್ಯಾಣವಸಂತ ರಾಗ ಕಚೇರಿಯ ಮೆಟ್ಟಿಲನ್ನೇ ಹತ್ತದವರ ಮನೆಗಳನ್ನೂ ಹೊಕ್ಕಿತು.

ಜಾಝ್ ಜಗತ್ತಿನಲ್ಲಿ ಅವರ ಪ್ರಭಾವ ಎಷ್ಟರಮಟ್ಟಿಗೆ ಹಬ್ಬಿತೆಂಬುದಕ್ಕೆ ಒಂದು ಸ್ವಾರಸ್ಯದ ನಿದರ್ಶನವಿದೆ. ಕನ್ನಡ ನಾಡಿನ ಮೂಲದವರಾದ ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದು ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದರು. ಅವರ ಸೋದರ ಒಮ್ಮೆ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ತಂದುಕೊಟ್ಟ. ಭಾರತೀಯ ಶೈಲಿಯ ಸ್ಯಾಕ್ಸೋಫೋನು ಎಂಬ ಅರ್ಥದ ಶಿರೋನಾಮೆಯನ್ನು ನೋಡಿಯೇ ನಗು ಬರುವಂತಿತ್ತು. ಕೇಳತೊಡಗಿದ ಮೇಲೆ ನಗು ನಿಂತಿತು. ಅದು ಗೋಪಾಲನಾಥರ ವಾದನವಾಗಿತ್ತು. ಮುಂದೆ ಆ ತರುಣನೇ ಅವರ ಪಕ್ಕದಲ್ಲಿ ನಿಂತು ನುಡಿಸುವಂತಾಯಿತು. ಇಬ್ಬರ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಪಿಟೀಲು ವಿದುಷಿ ಎ. ಕನ್ಯಾಕುಮಾರಿಯವರೂ ಅದರಲ್ಲಿ ಪಾಲುಗೊಂಡಿದ್ದರು. ಬಂಧುಗಳು ಎಂಬುದು ಆ ಹೆಸರಿನ ಅರ್ಥ. ಬೇರೆ ಹೆಸರು ಅದಕ್ಕೆ ಅಷ್ಟು ಒಪ್ಪುತ್ತಿರಲಿಲ್ಲ.

ಬೆಂಗಳೂರಿನವರಿಗಾದರೋ ಅವರು ಲಂಡನ್ನಿನವರೂ ಅಲ್ಲ, ಬರ್ಲಿನ್ನಿನವರೂ ಅಲ್ಲ, ರಾಮನವಮಿಯ ಚಪ್ಪರದವರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ 1939ರಿಂದ ನಡೆದುಬಂದಿರುವ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವಕ್ಕೆ ಜಯನಗರ, ಬನಶಂಕರಿ, ಜೆ. ಪಿ. ನಗರಗಳಿಂದ ಸಂಸಾರ ಸಮೇತರಾಗಿ ಹೋಗುವುದು ಎಷ್ಟೋ ಮನೆಗಳಲ್ಲಿ ವರ್ಷದ ಒಂದು ಹಬ್ಬ. ಹೊಳೆಯುವ ರೇಷ್ಮೆಯ ಜುಬ್ಬ ತೊಟ್ಟು, ಹಣೆಗೆ ಕುಂಕುಮವಿಟ್ಟು, ಮುಖದ ತುಂಬ ನಗು ತಂದುಕೊಂಡು ಗೋಪಾಲನಾಥರು ವೇದಿಕೆಯಲ್ಲಿ ಕುಳಿತರೆ ಹಿಂದಿನ ಸಾಲಿನ ಮಕ್ಕಳೂ ಎದ್ದುನಿಂತು ನೋಡುತ್ತಿದ್ದರು. ಸಂಗೀತ ಬಲ್ಲವರಿಗೆ ರಾಗಾಲಾಪನೆ, ಬಾರದವರಿಗೆ ಕೊನೆಯಲ್ಲಿ ದೇವರನಾಮ. ಯಾರೂ ಬರಿಗೈಯಲ್ಲಿ ಮನೆಗೆ ಮರಳುತ್ತಿರಲಿಲ್ಲ.

ಜಯನಗರದ ಆ ಹಿರಿಯರು ಮೊದಲ ಬಾರಿಗೆ ಅಲ್ಲಿಗೆ ಹೋದದ್ದು ತಪ್ಪು ಹಿಡಿಯುವ ಉದ್ದೇಶದಿಂದ. ಬ್ಯಾಂಡಿನವರ ಕೊಳವೆಯಲ್ಲಿ ತ್ಯಾಗರಾಜರ ಕೃತಿಯೇ ಎಂದು ಹೆಂಡತಿಯೊಡನೆ ವಾದಿಸುತ್ತಲೇ ಕುಳಿತರು. ಆಲಾಪನೆ ಅರ್ಧಕ್ಕೆ ಬಂದಾಗ ಆಕೆ ಮೆಲ್ಲನೆ, “ಕಣ್ಣು ಮುಚ್ಚಿಕೊಂಡು ಕೇಳಿ” ಎಂದರು. ಕಣ್ಣು ಮುಚ್ಚಿದೊಡನೆ ಕೊಳವೆ ಮಾಯವಾಯಿತು. ತಮ್ಮ ಊರಿನ ದೇವಸ್ಥಾನದಲ್ಲಿ ಬೆಳಗಿನ ಜಾವ ಕೇಳುತ್ತಿದ್ದ ನಾಗಸ್ವರದ ಉಸಿರೇ ಅಲ್ಲಿತ್ತು. ಆಕೆ ತೀರಿಹೋಗಿ ಈಗ ಒಂಬತ್ತು ವರ್ಷ. ಗೋಪಾಲನಾಥರ ಹೆಸರು ಬಂದಾಗಲೆಲ್ಲ ಹಿರಿಯರು ಮೊದಲು ಹೇಳುವುದು ಅವರ ವಾದನದ ಮಾತನ್ನಲ್ಲ, ಹೆಂಡತಿ ಹೇಳಿದ ಆ ಮಾತನ್ನು.

2004ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತಮ್ಮ 69ನೆಯ ವಯಸ್ಸಿನಲ್ಲಿ ನಿಧನರಾದರು. ಮರುವರ್ಷದ ರಾಮನವಮಿಯ ಹೊತ್ತಿಗೆ ಕೊರೋನಾ ಪಿಡುಗಿನಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿತ್ತು. ಅದೇ ಚಪ್ಪರದಲ್ಲಿ ಒಟ್ಟಿಗೆ ಕುಳಿತು ಅವರನ್ನು ನೆನೆಯುವ ಸಮಾಧಾನವೂ ರಸಿಕರಿಗೆ ಆ ವರ್ಷ ದೊರೆಯಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿಯೇ ಅವರ ಧ್ವನಿಮುದ್ರಿಕೆಯನ್ನು ಹಾಕಿಕೊಂಡು ಕೇಳಬೇಕಾಯಿತು.

ಇಂದು ಅವರ ಪ್ರಭಾವಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ ಸ್ಯಾಕ್ಸೋಫೋನು ಸಾಮಾನ್ಯವಾಗಿದೆ. ಹೆಣ್ಣುಮಕ್ಕಳೂ ಅದನ್ನು ಕಲಿತು ಕಚೇರಿ ಮಾಡುತ್ತಿದ್ದಾರೆ. ಬೆಂಗಳೂರಿನ ಕಲ್ಯಾಣಮಂಟಪಗಳ ಬಾಗಿಲಿಗೂ ಅದು ಬಂದಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಸಂತೋಷದ ನೆರಳಿನಲ್ಲಿ ಒಂದು ಚಿಂತೆಯೂ ಇದೆ. ಸ್ಯಾಕ್ಸೋಫೋನು ಬಂದು ಕುಳಿತ ಎಷ್ಟೋ ಚಪ್ಪರಗಳಲ್ಲಿ ಎದ್ದುಹೋದದ್ದು ನಾಗಸ್ವರ. ತಲೆಮಾರುಗಳಿಂದ ಅದನ್ನೇ ನಂಬಿಕೊಂಡಿದ್ದ ಮನೆಗಳಲ್ಲಿ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಗೋಪಾಲನಾಥರು ಹುಟ್ಟಿದ್ದೂ ಅಂಥದೊಂದು ಮನೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. ಹಿತ್ತಾಳೆಯ ಕೊಳವೆಗೆ ಅವರು ತಂದದ್ದು ತಂದೆಯ ನಾಗಸ್ವರದ ನಾದವನ್ನು. ಆ ಮೂಲವೇ ಬತ್ತಿಹೋದರೆ ಮುಂದಿನವರು ತಮ್ಮ ಕೊಳವೆಗೆ ಏನನ್ನು ತಂದಾರು? ಉಳಿಯುವುದು ಹೊಳಪು ಮಾತ್ರ, ಜೊತೆಗೆ ಎರಡು ಸಿನಿಮಾ ಹಾಡು.

ಜಯನಗರದ ಮನೆಯಲ್ಲಿ ಕೊನೆಗೆ ರಾಜಿಯಾಯಿತು. ಬಾಗಿಲಲ್ಲಿ ಸ್ಯಾಕ್ಸೋಫೋನು, ಧಾರೆಗೂ ಮಾಂಗಲ್ಯಧಾರಣೆಗೂ ಓಲಗ. ಓಲಗದವರನ್ನು ಹುಡುಕುವ ಹೊಣೆ ತಾತನದೇ. ನಾಲ್ಕು ದಿನ ತಿರುಗಾಡಿ, ಮಾಗಡಿಯ ಕಡೆಯ ಒಂದು ಮೇಳವನ್ನು ಅವರು ಗೊತ್ತುಮಾಡಿಕೊಂಡು ಬಂದರು.

ಮದುವೆಯ ದಿನ ಬಾಗಿಲಲ್ಲಿ ನುಡಿಸುತ್ತಿದ್ದವನು ಪುತ್ತೂರಿನ ಕಡೆಯ ಹುಡುಗ, ಇಪ್ಪತ್ತೆರಡರ ಪ್ರಾಯ. ಗಟ್ಟಿಮೇಳವಾಗುವಾಗ ಅವನು ತನ್ನ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ನಾಗಸ್ವರದವರ ಬೆರಳುಗಳನ್ನೇ ನೋಡುತ್ತಿದ್ದುದು ತಾತನ ಕಣ್ಣಿಗೆ ಬಿತ್ತು. ಆಮೇಲೆ ಅವರೇ ಹತ್ತಿರ ಹೋಗಿ ಮಾತನಾಡಿಸಿದರು.

“ಕಲಿಯುವುದಕ್ಕೆ ತೊಡಗಿ ಎಷ್ಟು ವರ್ಷವಾಯಿತಪ್ಪ?”

“ಆರು ವರ್ಷ ಆಯಿತು ಸರ್. ಗಮಕ ಇನ್ನೂ ಸರಿ ಬರುವುದಿಲ್ಲ.”

“ಬರುತ್ತದೆ. ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು.”

ಯಾರಿಗೆ ಎಂದು ಹುಡುಗ ಕೇಳಲಿಲ್ಲ. ವಾದ್ಯವನ್ನೆತ್ತಿ ತುಟಿಗೊತ್ತಿ, ಬರೆದುಕೊಂಡಿದ್ದ ಹಾಡುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಲ್ಯಾಣವಸಂತವನ್ನು ಮೆಲ್ಲನೆ ಆರಂಭಿಸಿದ. ಒಂದೆರಡು ಕಡೆ ಸ್ವರ ಜಾರಿತು. ಊಟಕ್ಕೆ ಎಲೆ ಹಾಕಿದೆಯೆಂದು ಮೊಮ್ಮಗಳು ಎರಡು ಸಲ ಬಂದು ಕರೆದಳು. ತಾತ ಬಾಗಿಲ ಬಳಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು.